ಅಡ್ಡಿಲ್ಲಕ್ಕೆ ಎಷ್ಟು ಅಂಕ?

ನರಸಿಂಹರಾಜಪುರದ ಸರ್ಕಾರಿ ಕಚೇರಿಯೊಂದರಲ್ಲಿ ಒಬ್ಬ ಗುಮಾಸ್ತರಿದ್ದರು. ನಮ್ಮ ಸ್ಕೂಟರಿನ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಬಂದು ಒಳಗಿನವರಿಗೆ ಕೂಗಿ ಹೇಳುತ್ತಿದ್ದರು: "ಏಯ್, ಕಂಪನಿಯವ್ರು ಬಂದ್ರು! ಕುರ್ಚಿ ಖಾಲಿ ಮಾಡಿ!" ಹೊಸಬರು ಯಾರಾದರೂ ಅದನ್ನು ಕೇಳಿ ಕಿಟಕಿಯಿಂದ ಇಣುಕಿದರೆ ನಾಲ್ಕು ಕಾರು, ಟೈ ಕಟ್ಟಿದ ಹತ್ತು ಜನ ಇರಬೇಕು ಎಂದುಕೊಳ್ಳುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಒಂದು ಹಳೆಯ ಸ್ಕೂಟರ್, ಅದರಿಂದ ಇಳಿಯುತ್ತಿರುವ ಒಬ್ಬ ಗಿಡ್ಡ ಮನುಷ್ಯ ಮತ್ತು ಅವರ ಹಿಂದೆ ಬ್ಯಾಗು ಹಿಡಿದ ನಾನು. ದೇಶ ವಿದೇಶಗಳಲ್ಲಿ ಗಾಜಿನ ಕಟ್ಟಡಗಳಿರುವ ಆ ದೊಡ್ಡ ಕಂಪ್ಯೂಟರ್ ಕಂಪನಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಮಟ್ಟಿಗೆ ಒಂದು ಸ್ಕೂಟರ್ ತುಂಬುವಷ್ಟೇ ಇತ್ತು.

ಆ ಗಿಡ್ಡ ಮನುಷ್ಯ, ಕಂಪನಿಯ ರಿಪೇರಿ ಇಂಜಿನಿಯರ್, ಅಂದರೆ ನಮ್ಮ ಸಾರ್, ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ಕೊಪ್ಪ ಶಾಖೆಯಲ್ಲಿ ಅವರನ್ನು ಬಿಟ್ಟರೆ ಬೇರೆ ಸಿಬ್ಬಂದಿಯೇ ಇಲ್ಲದ್ದರಿಂದ ಹಾರ ಹಾಕುವವರೂ ಹಾಕಿಸಿಕೊಳ್ಳುವವರೂ ಅವರೊಬ್ಬರೇ ಆಗಬೇಕಿತ್ತು. ಹಿಂದೆ ಇನ್ನೊಬ್ಬ ಸಿಬ್ಬಂದಿ ಇದ್ದ, ಅದು ನಾನು. ನನ್ನನ್ನು ಕಂಪನಿ ಮೂರು ವರ್ಷದ ಹಿಂದೆಯೇ ಮನೆಗೆ ಕಳಿಸಿದೆ. ಯಾಕೆ ಕಳಿಸಿತು ಎಂದು ಹೇಳುವ ನೆಪದಲ್ಲಿ ಅವರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದಿದ್ದಾರೆ. "ಹಾಕಿದ್ರೆ ಎಂತ ಆಗ್ತದೆ ಸಾರ್?" ಎಂದು ಕೇಳಿದೆ. "ಜನ ಓದ್ತಾರೆ ಮಾರಾಯ" ಎಂದರು.

ನಾನು ಬೇರೆಯವರ ದನಿ ತೆಗೆದು ದೊಡ್ಡವನಾದವನು. ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ್ದೇನೆ, ಆಮೇಲೆ ನಿಜವಾದ ಕೆಮ್ಮಿನವರಿಂದ ಪೆಟ್ಟೂ ತಿಂದಿದ್ದೇನೆ. ಡಿಪ್ಲೊಮಾ ಹೇಗೋ ಮುಗಿಸಿ ಕೊಪ್ಪ ಶಾಖೆಗೆ ಸೇರಿದ ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಬರ್ತದೆ ನಿಂಗೆ?" ಎಂದರು. ಸಂದರ್ಶನ ಮಾಡಿದ ಅಧಿಕಾರಿಯ ಮೂಗಿನ ದನಿಯನ್ನು ತೆಗೆದು ತೋರಿಸಿದೆ. ಅವರು ನಗಲಿಲ್ಲ.

"ಅದಲ್ಲ ತಮ್ಮಾ. ಮಷಿನ್ ಬಿಚ್ಚಕ್ಕೆ ಬರ್ತದಾ?"

"ಬರ್ತದೆ ಸಾರ್."

"ವಾಪಸ್ ಹಾಕಕ್ಕೆ?"

ನಾನು ತಲೆ ಕೆರೆದುಕೊಂಡೆ. ಅವರು ತಲೆಯಾಡಿಸಿ, "ಅಡ್ಡಿಲ್ಲ, ಸುಳ್ಳು ಹೇಳಲ್ಲ" ಎಂದು ಸ್ಕೂಟರಿನ ಹಿಂದೆ ಹತ್ತಿಸಿಕೊಂಡರು. ಆ ಒಂದು ಗುಣದ ಬಗ್ಗೆ ಅವರ ಅಂದಾಜು ತಪ್ಪಿತ್ತು. ಅದು ಮುಂದೆ ಬರುತ್ತದೆ.

ಬಾಳೆಹೊನ್ನೂರು ಕಡೆಯ ಜವಳಿ ಅಂಗಡಿಯ ಮನೆತನದವರು ಅವರು. ಬೆಳಿಗ್ಗೆ ಹಣೆಯ ಮೇಲೆ ಮೂರೆಳೆ ವಿಭೂತಿ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಒಂದೂವರೆ ಎಳೆ ಉಳಿದಿರುತ್ತಿತ್ತು. ಅಣ್ಣಂದಿರೆಲ್ಲ ಬಟ್ಟೆ ಅಳೆಯುತ್ತಿದ್ದಾಗ ಇವರು ಅಂಗಡಿಯ ರೇಡಿಯೋ ಬಿಚ್ಚಿ ಕೂತಿದ್ದರಂತೆ. ಮಷಿನ್ ಮುಟ್ಟುವ ಮುಂಚೆ ಇವರದೊಂದು ಕ್ರಮವಿತ್ತು: ವಾಚು, ಉಂಗುರ ತೆಗೆದು ಜೇಬಿಗೆ ಹಾಕುವುದು, ಕಿಟಕಿಯ ಕಬ್ಬಿಣದ ಸರಳನ್ನು ಒಂದು ಕ್ಷಣ ಹಿಡಿದು ನಿಲ್ಲುವುದು, ಆಮೇಲೆ ಕೆಲಸಕ್ಕೆ ಕೈ ಹಾಕುವುದು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಹರಿದು ಹೋಗಲಿ, ಒಳಗಿನ ಸೂಕ್ಷ್ಮ ಭಾಗಗಳು ಸುಡದಿರಲಿ ಎಂದು ಹಾಗೆ ಮಾಡುತ್ತಿದ್ದರು. ನೋಡಿದವರಿಗೆ ಮಾತ್ರ ಅದು ಪ್ರಾರ್ಥನೆಯಂತೆ ಕಾಣುತ್ತಿತ್ತು. ಕೆಲವು ತಿಂಗಳಲ್ಲಿ ನರಸಿಂಹರಾಜಪುರದ ಆ ಗುಮಾಸ್ತರೂ ಬೆಳಿಗ್ಗೆ ಕಂಪ್ಯೂಟರ್ ಹಾಕುವ ಮೊದಲು ಕಿಟಕಿಯ ಸರಳು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು. "ಎಂತಕ್ಕೆ ಅಂತ ಗೊತ್ತಿಲ್ಲ ಕಣಾ. ಕಂಪನಿಯವ್ರು ಮಾಡ್ತಾರೆ, ಅವ್ರಿಗೆ ಗೊತ್ತಿಲ್ಲದ್ದಾ?" ಎಂದು ನನಗೇ ಉಪದೇಶಿಸಿದರು.

ದೊಡ್ಡ ಕಂಪನಿಯ ಕೆಲಸ ಎಂದರೆ ಊರಿನವರಿಗೆ ಕುತೂಹಲ. ಕೊಪ್ಪದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಯಾರಾದರೂ ಕೇಳಿಯೇ ಕೇಳುತ್ತಿದ್ದರು, "ಹೆಂಗೆ ಸಾರ್ ನಿಮ್ ಕಂಪನಿ?" ನಾನು ಬಾಯಿ ತೆರೆದರೆ ಬೈಗುಳವೇ. ಬೆಂಗಳೂರಿನ ಹೆಲ್ಪ್‌ಲೈನಿನವರು ಫೋನಿನಲ್ಲಿ ಕೇಳಿಸುವ ಸಂಗೀತವನ್ನು ಬಾಯಲ್ಲಿ ನುಡಿಸಿ, "ನಿಮ್ಮ ಕರೆ ನಮಗೆ ಅತ್ಯಮೂಲ್ಯ" ಎಂದು ಹೆಣ್ಣುದನಿಯಲ್ಲಿ ಹೇಳಿ ಹೋಟೆಲನ್ನೇ ನಗಿಸುತ್ತಿದ್ದೆ. ದೂರು ಬಂದ ನಾಲ್ಕು ಗಂಟೆಯೊಳಗೆ ಮಷಿನ್ ಸರಿಯಾಗಬೇಕು ಎಂಬುದು ಕಂಪನಿಯ ನಿಯಮ. ಅದನ್ನು ಬರೆದವರು ನೆಮ್ಮಾರಿನ ತಿರುವುಗಳಲ್ಲಿ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿಲ್ಲ ಎಂದು ನನ್ನ ವಾದ.

ನಮ್ಮ ಸಾರ್ ಹಾಗಲ್ಲ. ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ ಹೇಳುತ್ತಿದ್ದರು. "ನೋಡು, ಇಲ್ಲಿ ಕೂತು ಒಂದು ನಂಬರ್ ಹೊಡದ್ರೆ ಸಿಂಗಾಪುರದಿಂದ ಒಂದು ಬೋರ್ಡು ವಿಮಾನ ಹತ್ತಿ ಬರ್ತದೆ. ಶಿವಮೊಗ್ಗ ಬಸ್ಸಿನ ಡ್ರೈವರ್ ಅದನ್ನ ತನ್ನ ಪಕ್ಕ ಇಟ್ಕಂಡು ತಂದು ಕೊಡ್ತಾನೆ. ಕೇಳಿದ್ದು ನಾನು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಆದ್ರೂ ಕಳಿಸ್ತಾರೆ. ನಮ್ಮಣ್ಣನ ಅಂಗಡೀಲಿ ಒಂದು ಗುಂಡಿ ಬೇಕಂದ್ರೂ ಯಾರಿಗೆ, ಎಂತಕ್ಕೆ ಅಂತ ಕೇಳ್ತಾರೆ." ಅವರಿಗೆ ಇಷ್ಟವಾದದ್ದು ಇದು. ಇನ್ನೊಂದು, ತಾನು ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳುವವರು ಮೂರು ತಾಲ್ಲೂಕಿನಲ್ಲಿ ಇಲ್ಲ ಎಂಬುದು.

ಇಷ್ಟವಿಲ್ಲದ್ದನ್ನು ಕೇಳಿದರೆ ಮಾತು ಚಿಕ್ಕದಾಗುತ್ತಿತ್ತು. ಮೇಲಧಿಕಾರಿ ಆರು ತಿಂಗಳಿಗೊಮ್ಮೆ ಬದಲಾಗುತ್ತಾನೆ, ಹನ್ನೊಂದು ಜನರಲ್ಲಿ ಮುಖ ನೋಡಿದ್ದು ಇಬ್ಬರದು. ಮತ್ತೆ ಆ ಕಾರಣಗಳ ಪಟ್ಟಿ. ಮಷಿನ್ ಯಾಕೆ ಕೆಟ್ಟಿತು ಎಂದು ಪಟ್ಟಿಯಲ್ಲಿರುವ ಕಾರಣಗಳಿಂದಲೇ ಒಂದನ್ನು ಆರಿಸಿ ಬರೆಯಬೇಕು. ಹಿರೇಕೊಡಿಗೆಯಲ್ಲಿ ಪ್ರಿಂಟರಿನೊಳಗೆ ಹಲ್ಲಿ ಸತ್ತಿತ್ತು. ಪಟ್ಟಿಯಲ್ಲಿ ಹಲ್ಲಿ ಇಲ್ಲ. ಇದ್ದುದರಲ್ಲಿ ಹತ್ತಿರವೆಂದು 'ಫಾರಿನ್ ಬಾಡಿ', ಅಂದರೆ ಹೊರಗಿನ ವಸ್ತು, ಎಂದು ಹಾಕಿದರು. ಮೂರನೇ ದಿನ ಬೆಂಗಳೂರಿನಿಂದ ಫೋನು: ಯಾವ ವಸ್ತು, ಎಲ್ಲಿಯದು? "ಊರಿಂದೇ ಸಾರ್" ಎಂದರು ಇವರು, ಗಂಭೀರವಾಗಿ. ಫೋನು ಇಟ್ಟ ಮೇಲೆ ನನಗೆ ಹೇಳಿದರು: "ನಮ್ಮ ಊರಲ್ಲಿ ಆಗದು ಅವರ ಪಟ್ಟೀಲಿ ಇಲ್ಲ ತಮ್ಮಾ. ಬೇಜಾರು ಅದೊಂದೇ."

ಅವರಿಗೆ ಬಂದ ದೊಡ್ಡ ಕಷ್ಟವೂ ಅಂಥದೇ ಒಂದು ಪಟ್ಟಿಯಿಂದ ಬಂತು.

ಪ್ರತಿ ರಿಪೇರಿಯ ನಂತರ ಬೆಂಗಳೂರಿನಿಂದ ಒಬ್ಬ ಹುಡುಗಿ ಗ್ರಾಹಕರಿಗೆ ಫೋನು ಮಾಡಿ, ಸೇವೆ ಹೇಗಿತ್ತು, ಒಂದರಿಂದ ಐದರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳುವ ಪದ್ಧತಿ ಶುರುವಾಯಿತು. ನಮ್ಮ ಕಡೆಯ ಜನ ಏನು ಹೇಳುತ್ತಾರೆ? "ಅಡ್ಡಿಲ್ಲ." ಮದುವೆ ಊಟ ಬಹಳ ರುಚಿಯಾಗಿದ್ದರೆ ಅಡ್ಡಿಲ್ಲ. ನೋಡಿದ ಹುಡುಗಿ ಮನಸ್ಸಿಗೆ ಹಿಡಿಸಿದರೆ ಅಡ್ಡಿಲ್ಲ. ಮಗ ರ್‍ಯಾಂಕು ಬಂದರೆ ಅಪ್ಪ ಒಂದು ನಿಮಿಷ ತಡೆದು, ಅಡ್ಡಿಲ್ಲ. ಅದಕ್ಕಿಂತ ಮೇಲೆ ಹೊಗಳಿದರೆ ಗೇಲಿ ಮಾಡಿದಂತೆ. ಬೆಂಗಳೂರಿನ ಹುಡುಗಿಗೆ ಇದು ಹೇಗೆ ಗೊತ್ತಾಗಬೇಕು? ಅಡ್ಡಿ ಇಲ್ಲ ಅಂದರೆ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡಿದ್ದಾರೆ ಎಂದುಕೊಂಡು ಐದಕ್ಕೆ ಮೂರು ಹಾಕಿದಳು. ಮೂರು ತಾಲ್ಲೂಕಿನ ಜನರೆಲ್ಲ ಸೇರಿ ಮನಸಾರೆ ಹೊಗಳಿ ಹೊಗಳಿ ಅವರನ್ನು ರಾಜ್ಯದ ಪಟ್ಟಿಯ ಕೊನೆಗೆ ತಂದು ಕೂರಿಸಿದರು.

ಪತ್ರ ಬಂತು. ಎರಡು ಸುತ್ತು ಅಂಕ ಕಡಿಮೆ ಬಂದಿದೆ. ಮೂರನೇ ಸುತ್ತಿನಲ್ಲೂ ಸರಾಸರಿ ನಾಲ್ಕು ಮುಟ್ಟದಿದ್ದರೆ ಕೊಪ್ಪ ಶಾಖೆ ಮುಚ್ಚಿ ಹುಬ್ಬಳ್ಳಿಗೆ ಸೇರಿಸಲಾಗುವುದು, ಸಿಬ್ಬಂದಿ ಅಲ್ಲಿಗೆ ಹೋಗತಕ್ಕದ್ದು.

ನನಗೆ ಹುಬ್ಬಳ್ಳಿಯಾದರೇನು, ಹಂಪೆಯಾದರೇನು. ಅವರಿಗೆ ಹಾಗಿರಲಿಲ್ಲ. ಅವರ ಹೆಂಡತಿ ಸರ್ಕಾರಿ ಶಾಲೆಯ ಟೀಚರು. ಒಂಬತ್ತು ವರ್ಷ ಬಳ್ಳಾರಿ ಕಡೆ ಒಂದಾದ ಮೇಲೊಂದು ಹಳ್ಳಿಯಲ್ಲಿ ಕೆಲಸ ಮಾಡಿ, ವರ್ಗಾವಣೆಗೆ ಅರ್ಜಿ ಹಾಕಿ ಹಾಕಿ, ಆ ಜೂನಿನಲ್ಲಷ್ಟೇ ಕೊಪ್ಪಕ್ಕೆ ಬಂದಿದ್ದರು. ಒಂಬತ್ತು ವರ್ಷ ಇವರು ಕೊಪ್ಪದ ಬಾಡಿಗೆ ಮನೆಯಲ್ಲಿ ಒಬ್ಬರೇ ಅನ್ನ ಮಾಡಿಕೊಂಡು, ಅದನ್ನೇ ಎರಡು ಹೊತ್ತು ಉಂಡವರು. ಈಗ ಐದು ಗಂಟೆಯಾದರೆ ವಾಚು ನೋಡುತ್ತಿದ್ದರು. ಶೃಂಗೇರಿಯಿಂದ ಬರುವಾಗ ಸ್ಕೂಟರಿಗೆ ಬೆಳಿಗ್ಗೆಗಿಂತ ಜಾಸ್ತಿ ಬಲ ಬಂದಿರುತ್ತಿತ್ತು.

ಪತ್ರ ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಮನೇಲಿ ಹೇಳಬ್ಯಾಡ" ಎಂದಷ್ಟೇ ಹೇಳಿದರು.

"ಸಾರ್, ಜನರ ಹತ್ರ ಹೇಳಿಬಿಡನ. ಫೋನ್ ಬಂದ್ರೆ ಐದು ಅನ್ನಿ ಅಂತ. ಎಲ್ಲಾ ಕಡೆ ಹಂಗೇ ಮಾಡ್ತಾರಂತೆ."

"ಬ್ಯಾಡ."

"ಎಂತಕ್ಕೆ?"

"ಚೆನ್ನಾಗಿದೆ ಅನ್ನಿ ಅಂತ ನಾನೇ ಕೇಳ್ಕಂಡ್ರೆ, ಮುಂದೆ ಚೆನ್ನಾಗಿಲ್ಲದೆ ಇದ್ದಾಗ ಅವ್ರು ನಂಗೆ ಹೇಳಲ್ಲ. ಸಂಕೋಚ ಮಾಡ್ಕಂತಾರೆ. ಮಷಿನ್ ತೊಂದ್ರೆ ಕೊಡದು ಗೊತ್ತಾಗದೆ ನಾನು ಹೆಂಗೆ ರಿಪೇರಿ ಮಾಡದು?"

ನನಗೆ ಆ ತತ್ವ ಒಪ್ಪಿಗೆಯಾಗಲಿಲ್ಲ. ಅವರು ಕೇಳಬಾರದಷ್ಟೇ, ನಾನು ಕೇಳಬಹುದಲ್ಲ ಎಂದು ಬೇಗಾರಿನ ಸಹಕಾರ ಸಂಘದ ಕಾರ್ಯದರ್ಶಿಗಳ ಹತ್ತಿರ ಗುಟ್ಟಾಗಿ ವಿಷಯ ತೆಗೆದೆ. ಅವರು ಬಾಯಿ ತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ರಸ ಚೆಲ್ಲದಂತೆ ಗದ್ದ ಮೇಲೆತ್ತಿ ಮಾತಾಡುವ ಹಿರಿಯರು.

"ಐದಾ? ಎಂತದಾ ಮಾಣಿ, ಈಗ್ಲೇ ಐದು ಕೊಟ್ರೆ, ನಾಳೆ ಇನ್ನೂ ಚೆನ್ನಾಗಿ ಮಾಡಿದ್ರೆ ಎಲ್ಲಿಂದ ತರದು?"

ಆಗ ನನಗೆ ನನ್ನ ವಿದ್ಯೆ ನೆನಪಾಯಿತು. ಬೆಂಗಳೂರಿನ ಹುಡುಗಿ ಫೋನು ಮಾಡುವ ಗ್ರಾಹಕರ ನಂಬರುಗಳು ನಮ್ಮ ಕಂಪ್ಯೂಟರಿನಲ್ಲೇ ಇದ್ದವು. ಅದನ್ನು ತೆರೆಯಲು ಸಾರ್ ಪಾಸ್‌ವರ್ಡ್ ಬೇಕು. ಅದನ್ನು ಅವರು ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು. ಅವರು ನೆಮ್ಮಾರಿಗೆ ಹೋದ ಒಂದು ಬೆಳಿಗ್ಗೆ ಮೂವರು ಗ್ರಾಹಕರ ನಂಬರು ಅಳಿಸಿ, ನನ್ನ ಮತ್ತು ನನ್ನ ಇಬ್ಬರು ಸ್ನೇಹಿತರ ಮೊಬೈಲ್ ನಂಬರು ಹಾಕಿದೆ. ಸ್ನೇಹಿತರ ಮೊಬೈಲುಗಳನ್ನು ಒಂದು ವಾರಕ್ಕೆಂದು ಕಡ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡೆ.

ಮೊದಲ ಕರೆ ನರಸಿಂಹರಾಜಪುರದ ಗುಮಾಸ್ತರಿಗೆ, ಅಂದರೆ ನನಗೆ. ಅವರದು ಧಾರಾಳ ಸ್ವಭಾವ, ದೊಡ್ಡ ಗಂಟಲು. "ಐದು ಹಾಕಿ ಮೇಡಂ, ಐದು! ದೇವ್ರಂಥಾ ಮನ್ಷ!" ಎಂದೆ. ಸಲೀಸಾಗಿ ಹೋಯಿತು. ಎರಡು ದಿನ ಬಿಟ್ಟು ಬೇಗಾರಿನ ಕಾರ್ಯದರ್ಶಿಗಳಿಗೆ ಕರೆ ಬಂತು. ಬಾಯಿಗೆ ನಾಲ್ಕು ಅವಲಕ್ಕಿ ಹಾಕಿಕೊಂಡು ಗದ್ದ ಮೇಲೆತ್ತಿದೆ. "ಹ್ಞಾಂ, ಯಾರು? ಕಂಪನಿಯಾ? ಹೇಳಿ ಹೇಳಿ." ದನಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

"ಸರ್, ನಮ್ಮ ಇಂಜಿನಿಯರ್ ಸೇವೆ ಹೇಗಿತ್ತು?"

"ಅಡ್ಡಿಲ್ಲ."

"ಒಂದರಿಂದ ಐದರಲ್ಲಿ ಹೇಳೋದಾದ್ರೆ ಸರ್?"

"ಅಡ್ಡಿಲ್ಲ ಅಂದ್ನಲ್ಲ ಮಾರಾಯ್ತಿ, ಮತ್ತೆಂತ ಹೇಳದು?"

"ಹಾಗಾದ್ರೆ ಮೂರು ಹಾಕ್ಲಾ ಸರ್?"

"ಹಾಕಿ ಹಾಕಿ."

ಹೇಳಿದ ಮೇಲೆ ನನಗೆ ಅರಿವಾಯಿತು. ದನಿ ಬಂದರೆ ಅದರ ಹಿಂದೆ ಮನುಷ್ಯನೂ ಬಂದುಬಿಡುತ್ತಾನೆ. ಗದ್ದ ಎತ್ತಿ ಕೂತ ಆ ಹಿರಿಯರ ಬಾಯಲ್ಲಿ ಐದು ಎಂಬ ಮಾತು ಹೊರಡಲು ಸಾಧ್ಯವೇ ಇರಲಿಲ್ಲ. ಗದ್ದ ಕೆಳಗಿಳಿಸಿದಾಗ ಬಾಗಿಲಲ್ಲಿ ಸಾರ್ ನಿಂತಿದ್ದರು. ಮಷಿನ್ನಿನ ಧೂಳು ತೆಗೆಯುವ ಬ್ರಶ್ ಮರೆತು ವಾಪಸು ಬಂದಿದ್ದರಂತೆ.

ಅವರು ಕೈ ಚಾಚಿದರು. ನಾನು ಫೋನು ಕೊಟ್ಟೆ.

"ಮೇಡಂ, ಕೊಪ್ಪ ಶಾಖೆಯಿಂದ ಮಾತಾಡ್ತಿರದು. ಈಗ ಮಾತಾಡಿದ್ದು ಕಾರ್ಯದರ್ಶಿ ಅಲ್ಲ, ನಮ್ಮ ಹುಡುಗ. ಮೊನ್ನೆ ಯಾರಾದ್ರೂ ಐದು ಕೊಟ್ಟಿದ್ರೆ ಅದೂ ಇವ್ನೇ ಇರಬೇಕು. ಅಳಿಸಿಬಿಡಿ."

"ಸರ್, ಇದನ್ನ ನಾನು ಮೇಲಿನವ್ರಿಗೆ ಹೇಳ್ಬೇಕಾಗತ್ತೆ" ಎಂದಳು, ಅಳುವ ದನಿಯಲ್ಲಿ.

"ಹೇಳಿ ತಾಯಿ. ಅದು ನಿಮ್ಮ ಕೆಲಸ."

ಫೋನನ್ನು ಮೇಜಿನ ಮೇಲಿಟ್ಟು, ಸಾಲಾಗಿದ್ದ ಉಳಿದ ಎರಡು ಮೊಬೈಲುಗಳನ್ನು ನೋಡಿದರು. "ಅಲ್ಲ ಮಾರಾಯ, ಕೊನೆಗೂ ಮೂರೇ ಹಾಕ್ಸದಾದ್ರೆ ಇಷ್ಟೆಲ್ಲಾ ಎಂತಕ್ಕೆ ಬೇಕಿತ್ತು?" ಎಂದು ಬ್ರಶ್ ತೆಗೆದುಕೊಂಡು ಹೊರಟರು. ಅಂದು ಅವರು ನನ್ನನ್ನು ಸ್ಕೂಟರಿಗೆ ಕರೆಯಲಿಲ್ಲ.

ಎರಡು ವಾರದ ಮೇಲೆ ಹನ್ನೊಂದನೆಯ ಮೇಲಧಿಕಾರಿ ಸ್ವತಃ ಕೊಪ್ಪಕ್ಕೆ ಬಂದರು. ಕನ್ನಡ ಬಾರದವರು, ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ದೊಡ್ಡವರಿರಬೇಕು. ಘಾಟಿಯ ತಿರುವುಗಳಲ್ಲಿ ಎರಡು ಸಲ ಕಾರು ನಿಲ್ಲಿಸಿ ಇಳಿದಿದ್ದರಿಂದ ಮುಖ ಬೆಳ್ಳಗಾಗಿತ್ತು. ಕುರ್ಚಿಯಲ್ಲಿ ಕೂತು, ನಂಬರು ಬದಲಾಗಿರುವುದು ನಿಮ್ಮ ಪಾಸ್‌ವರ್ಡಿನಿಂದ, ಏನು ಹೇಳುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದಕ್ಕೆ ಕಂಪನಿಯಲ್ಲಿ ಒಂದೇ ಶಿಕ್ಷೆ, ಕೆಲಸದಿಂದ ತೆಗೆಯುವುದು. ಇವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. "ಪಾಸ್‌ವರ್ಡ್ ನಂದು ಸಾರ್. ಜವಾಬ್ದಾರಿ ನಂದು" ಎಂದರು.

ಅವರು ಅಷ್ಟಕ್ಕೇ ನಿಲ್ಲಿಸಿದರು. ಉಳಿದದ್ದನ್ನು ಹೇಳಬೇಕಾದವನು ನಾನು. ನನ್ನ ಜೀವನದಲ್ಲಿ ನನ್ನ ಸ್ವಂತ ದನಿಯಲ್ಲಿ ಮಾತಾಡಿದ ಸಂದರ್ಭಗಳು ಕಡಿಮೆ, ಇದ್ದುದರಲ್ಲಿ ಅದು ತೀರ ಕೆಟ್ಟದಾಗಿ ಹೊರಟದ್ದು. ಮಾಡಿದ್ದು ನಾನು ಎಂದೆ. ಅಧಿಕಾರಿ ನಂಬಲಿಲ್ಲ, ಹಿರಿಯರನ್ನು ಉಳಿಸಲು ಹೇಳುತ್ತಿದ್ದೇನೆ ಎಂದುಕೊಂಡರು. ಸಾಕ್ಷಿಗೆಂದು ಗುಮಾಸ್ತರ ದನಿ ತೆಗೆದೆ. ಕಾರ್ಯದರ್ಶಿಗಳ ದನಿ ತೆಗೆದೆ. ಹುಮ್ಮಸ್ಸು ತಡೆಯದೆ, ಐದು ನಿಮಿಷದ ಹಿಂದೆ ಕೇಳಿದ ಆ ಅಧಿಕಾರಿಯದೇ ದನಿಯನ್ನೂ ತೆಗೆದೆ. ಅವರು ನಕ್ಕರು. ನಗು ಮುಗಿಸಿ, ಕನ್ನಡಕ ಒರೆಸಿಕೊಂಡು, ತಿಂಗಳ ಕೊನೆಯವರೆಗೆ ನಿನ್ನ ಕೆಲಸ, ಆಮೇಲಿಲ್ಲ ಎಂದರು.

ಶಾಖೆಯ ವಿಷಯ ಹಾಗೇ ಉಳಿದಿತ್ತು. ಇಷ್ಟು ದೂರ ಬಂದಾಗಿದೆ, ಒಬ್ಬ ಗ್ರಾಹಕರನ್ನಾದರೂ ನೋಡೋಣ ಎಂದು ಅಧಿಕಾರಿ ನಮ್ಮಿಬ್ಬರನ್ನೂ ಕಾರಿನಲ್ಲಿ ಬೇಗಾರಿಗೆ ಕರೆದುಕೊಂಡು ಹೋದರು. ಕಾರ್ಯದರ್ಶಿಗಳು ನಮ್ಮನ್ನೆಲ್ಲ ಕೂರಿಸಿ ಪಾನಕ ಕೊಟ್ಟರು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಬೇಕಿತ್ತು.

"ನಮ್ಮ ಸಾರ್ ಕೆಲಸ ಹೆಂಗೆ ಅಂತ ಕೇಳ್ತಿದಾರೆ."

"ಅಡ್ಡಿಲ್ಲ."

ಅಧಿಕಾರಿಗೆ ಅದರ ಅರ್ಥ ಹೇಳಲು ಹೊರಟು ಮೂರು ಸಲ ಸೋತೆ. ಮದುವೆ ಊಟದ ಉದಾಹರಣೆ ಕೊಟ್ಟೆ. ಅವರು ಸಂಶಯದಿಂದ ನೋಡಿದರು. ಬೆಳಿಗ್ಗೆಯಷ್ಟೇ ಮೂವರ ದನಿ ತೆಗೆದವನ ಮಾತನ್ನು ಯಾರು ನಂಬುತ್ತಾರೆ? ಹಾಗಾದರೆ ಐದು ಅಂಕ ಯಾವಾಗ ಕೊಡುತ್ತೀರಿ, ಕೇಳು ಎಂದರು.

ಕಾರ್ಯದರ್ಶಿಗಳು ಎದ್ದು ಹೋಗಿ ಕವಳ ಉಗಿದು ಬಂದರು. ಅವರು ಬಾಯಿ ಖಾಲಿ ಮಾಡಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಇವ್ರು ಬರದೇ ಬ್ಯಾಡ ಅನ್ನೋ ಹಂಗಿನ ಮಷಿನ್ ಮಾಡಿ ಕೊಡಕ್ಕೆ ಹೇಳು. ಅವತ್ತು ಕಂಪನಿಗೆ ಐದು ಕೊಡನ. ಅಲ್ಲಿವರೆಗೆ, ಕೆಟ್ಟೋಗ ಮಷಿನ್ ಮಾಡದು ಅವ್ರು, ಅದನ್ನ ಏಳು ವರ್ಷ ನಡ್ಸಿದ್ದು ಇವ್ರು. ಯಾರಿಗೆ ಯಾರು ಅಂಕ ಕೊಡದು?"

ಇದನ್ನು ಒಂದಕ್ಷರ ಬಿಡದೆ ಹೇಳಿದೆ. ಅಧಿಕಾರಿ ಅಂಕದ ಮಾತು ಬಿಟ್ಟು, "ಏಳು ವರ್ಷವೇ?" ಎಂದರು. ಎದ್ದು ಹೋಗಿ ಮಷಿನ್ನಿನ ಹಿಂದಿನ ಚೀಟಿ ಓದಿದರು. ಆ ಮಾದರಿಯ ಮಷಿನ್ನುಗಳು ಬೇರೆಲ್ಲ ಕಡೆ ಯಾವತ್ತೋ ಗುಜರಿಗೆ ಹೋಗಿದ್ದವಂತೆ. ಹಾದಿಯಲ್ಲಿ ಇನ್ನೆರಡು ಕಚೇರಿಗೆ ಹೋಗಿ ಅಲ್ಲೂ ಹಿಂದೆ ಬಗ್ಗಿ ನೋಡಿದರು, ಅಲ್ಲೂ ಅದೇ ವಯಸ್ಸಿನವು. ಕೊಪ್ಪಕ್ಕೆ ಬಂದು ಕಾರಿನಿಂದ ಇಳಿಯದೆಯೇ ಇವರಿಗೆ ಹೇಳಿದರು: ಶಾಖೆ ಇರುತ್ತದೆ. ಆದರೆ ಒಬ್ಬರೇ ನಡೆಸಬೇಕು, ಇನ್ನೊಬ್ಬನನ್ನು ಕೊಡುವುದಿಲ್ಲ. ಇವರು ಆಗಲಿ ಎಂದು ತಲೆಯಾಡಿಸಿದರು.

ಕಾರು ಹೋದ ಮೇಲೆ ನಾವಿಬ್ಬರೂ ರಸ್ತೆಯಲ್ಲಿ ನಿಂತಿದ್ದೆವು. ಧನ್ಯವಾದ ಹೇಳುತ್ತಾರೇನೋ ಎಂದು ಕಾದೆ. "ನನ್ನ ಹೆಸರಲ್ಲಿ ಸುಳ್ಳು ಹೇಳಿದ್ದು ನಂಗೆ ಹಿಡಿಸ್ಲಿಲ್ಲ ತಮ್ಮಾ. ಅದು ಹಂಗೇ ಇರ್ತದೆ" ಎಂದರು. ಆಮೇಲೆ, "ಬಾ, ಮನೇಲಿ ಕಾಫಿ ಕುಡ್ಕಂಡು ಹೋಗು" ಎಂದು ಸ್ಕೂಟರಿನ ಹಿಂದಿನ ಸೀಟು ಒರೆಸಿದರು.

ಮನೆಗೆ ಹೋದಾಗ ಟೀಚರಕ್ಕ ಬಚ್ಚಲೊಲೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ರಟ್ಟಿನ ಚೂರುಗಳ ಗುಡ್ಡೆ. ಕಂಪನಿಯ ಮಾನಿಟರುಗಳು ಬರುತ್ತಿದ್ದ ಗಟ್ಟಿ ಪೆಟ್ಟಿಗೆಗಳು ಅವು. ಒಂಬತ್ತು ವರ್ಷ ಊರಿಂದೂರಿಗೆ ಅವರ ಪಾತ್ರೆ ಬಟ್ಟೆಗಳೆಲ್ಲ ಹೋದದ್ದು ಅವುಗಳಲ್ಲೇ. ಪ್ರತಿ ಸಲವೂ ಮಡಚಿ ಅಟ್ಟದ ಮೇಲೆ ಜೋಪಾನವಾಗಿ ಇಡುತ್ತಿದ್ದರಂತೆ, ಮುಂದಿನ ವರ್ಗಾವಣೆಗೆ.

"ಎಲ್ಲಾ ಹರಿದ್ಯಾ?" ಎಂದರು ಇವರು.

"ಶಾಲೆ ಬಿಟ್ಟು ಬಂದಾಗಿಂದ ಅದೇ ಕೆಲ್ಸ. ಗೆದ್ದಲು ಹಿಡೀತಿತ್ತು."

"ಒಂದು ಮಾತು ಕೇಳಬೇಕಿತ್ತಲ."

"ಎಂತಕ್ಕೆ ಕೇಳದು? ಇನ್ನೆಲ್ಲಿಗೆ ಹೋಗದಿದೆ ನಾವು?" ಅವರು ಒಲೆಗೆ ಇನ್ನೊಂದು ಚೂರು ನೂಕಿ ನನ್ನತ್ತ ತಿರುಗಿದರು. "ನೋಡು ತಮ್ಮ, ರಟ್ಟಿಗೂ ಲೆಕ್ಕ ಕೇಳ್ತಾರೆ ನಿನ್ನ ಸಾರು."

ಇವರು ನನ್ನ ಮುಖ ನೋಡಿದರು. ನಾನು ಒಲೆಯ ಬೆಂಕಿ ನೋಡಿದೆ. ಇವರು ಹೆಂಡತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಉಳಿದಿದ್ದ ಕೊನೆಯ ಪೆಟ್ಟಿಗೆಯನ್ನು ಎತ್ತಿಕೊಂಡು, ಮೂಲೆಗೆ ಅಂಟಿಸಿದ್ದ ಟೇಪನ್ನು ಉಗುರಿನಿಂದ ಎಬ್ಬಿಸಿ, ನಾಲ್ಕು ಭಾಗ ಮಾಡಿ ಒಂದೊಂದಾಗಿ ಬೆಂಕಿಗೆ ಕೊಟ್ಟರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ನೀರು ಸುರಿಯುವ ಸದ್ದಿನ ನಡುವೆ ಹಾಡು ಕೇಳಿಸತೊಡಗಿತು. ತಾಳ ಒಂದು ಕಡೆ, ರಾಗ ಒಂದು ಕಡೆ. ಎರಡು ವರ್ಷ ಸ್ಕೂಟರಿನ ಹಿಂದೆ ಕೂತಿದ್ದರೂ ನಾನು ಆ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ.

"ಇವ್ರು ಹಾಡ್ತಾರಾ ಅಕ್ಕ?"

"ಜೂನಿಂದ ಶುರುವಾಗಿದೆ ಮಾರಾಯ" ಎಂದರು ಟೀಚರಕ್ಕ. "ಅಕ್ಕಪಕ್ಕದೋರು ಎಷ್ಟು ದಿನ ಸಹಿಸ್ತಾರೋ ನೋಡಬೇಕು."